ಬರೆದ ಕತೆಯನ್ನು ಬೇರೆಯವರ ಕತೆಯಂತೆ ಓದುವುದು ಹೇಗೆ?

ನನ್ನ ಮೊದಲ ಕತೆಯನ್ನು ಒಂದೇ ರಾತ್ರಿಯಲ್ಲಿ ಬರೆದೆ. ಬೆಳಿಗ್ಗೆ ಎದ್ದು ಒಂದು ಮಾಸಪತ್ರಿಕೆಗೆ ಕಳಿಸಿದೆ. ಮೂರು ತಿಂಗಳು ಕಾದೆ, ಉತ್ತರವೇ ಬರಲಿಲ್ಲ. ಅವರಿಗೆ ಕತೆಯ ಗಂಧಗಾಳಿಯೂ ಇಲ್ಲ ಎಂದು ಗೆಳೆಯರ ಮುಂದೆ ಬೈದುಕೊಂಡು ಓಡಾಡಿದೆ. ಎರಡು ವರ್ಷ ಕಳೆದ ಮೇಲೆ ಹಳೆಯ ಪೆನ್‌ಡ್ರೈವ್‌ನಲ್ಲಿ ಅದೇ ಕತೆ ಸಿಕ್ಕಿತು. ಕೂತು ಓದಿದೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಕಿವಿ ಬಿಸಿಯಾಗಿತ್ತು. ಮಳೆ, ಕಣ್ಣೀರು, ಮೌನ, ಮತ್ತೆ ಮಳೆ. ಆ ಸಂಪಾದಕರ ಜಾಗದಲ್ಲಿ ನಾನಿದ್ದರೂ ಉತ್ತರ ಬರೆಯುತ್ತಿರಲಿಲ್ಲ.

ಆ ಎರಡು ವರ್ಷದಲ್ಲಿ ನಾನು ಬರೆದದ್ದು ಕಡಿಮೆ, ಓದಿದ್ದು ಜಾಸ್ತಿ. ಕತೆಯ ಒಂದಕ್ಷರವೂ ಬದಲಾಗಿರಲಿಲ್ಲ. ಓದುವ ಕಣ್ಣು ಮಾತ್ರ ಬೇರೆಯಾಗಿತ್ತು. ಎರಡು ವರ್ಷ ಕಾಯದೆ, ಎರಡು ವಾರದಲ್ಲೇ ಆ ಕಣ್ಣನ್ನು ತಂದುಕೊಳ್ಳಲು ನಾನು ಮಾಡುವ ಕೆಲಸಗಳನ್ನು ಇಲ್ಲಿ ಬರೆದಿದ್ದೇನೆ. ಆಫೀಸು, ಅಡುಗೆ, ಮಕ್ಕಳ ಹೋಂವರ್ಕ್ ಎಲ್ಲ ಮುಗಿದ ಮೇಲೆ ರಾತ್ರಿ ಹತ್ತಕ್ಕೆ ಬರೆಯಲು ಕೂರುವವರಿಗೆ ಇದು ಉಪಯೋಗವಾಗಬಹುದು.

ಹೆಜ್ಜೆ 1: ಒಂದೇ ಕತೆಯನ್ನು ಎರಡು ಸಲ ಓದಿ

ಕಾದಂಬರಿ ಬೇಡ, ಸಣ್ಣಕತೆ ತೆಗೆದುಕೊಳ್ಳಿ. ಎಂಟು ಹತ್ತು ಪುಟದ್ದು ಸಾಕು. ಮೊದಲ ಸಲ ಸುಮ್ನೆ ಓದಿ. ಕೈಯಲ್ಲಿ ಪೆನ್ಸಿಲ್ ಬೇಡ, ಕಲಿಯುತ್ತಿದ್ದೇನೆ ಎಂಬ ಯೋಚನೆಯೂ ಬೇಡ.

ನಾಲ್ಕೈದು ದಿನ ಬಿಟ್ಟು ಮತ್ತೆ ಓದಿ. ಈ ಸಲ ಪೆನ್ಸಿಲ್ ಇರಲಿ. ನಿಮಗೆ ಏನಾದರೂ ಆದ ಕಡೆಯಲ್ಲೆಲ್ಲ ಗೆರೆ ಎಳೆಯಿರಿ. ನಗು ಬಂತೇ, ಗಂಟಲು ಕಟ್ಟಿತೇ, ಕೈ ತಾನಾಗಿ ಫೋನಿನ ಕಡೆ ಹೋಯಿತೇ? ಬೇಜಾರಾದ ಜಾಗವನ್ನೂ ಬಿಡಬೇಡಿ, ಅದೂ ಪಾಠವೇ.

ಈಗ ಗೆರೆ ಎಳೆದ ಜಾಗದಿಂದ ಹಿಂದಕ್ಕೆ ಹೋಗಿ. ಅಳು ಬಂದ ಸಾಲಿನಲ್ಲಿ ಅಳುವಿನ ಕಾರಣ ಸಾಮಾನ್ಯವಾಗಿ ಇರುವುದಿಲ್ಲ. ಎರಡು ಪುಟದ ಹಿಂದೆ ಯಾರೋ ಮೊಮ್ಮಗನಿಗೆಂದು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದ ಕೊಬ್ಬರಿ ಮಿಠಾಯಿಯಲ್ಲಿ ಅದು ಇರುತ್ತದೆ. ಮಿಠಾಯಿಯನ್ನು ನೀವು ಆಗ ಗಮನಿಸಿಯೂ ಇರಲಿಲ್ಲ. ಕತೆಗಾರ ಅದನ್ನು ಅಲ್ಲಿ ಇಟ್ಟು, ಏನೂ ಆಗಿಲ್ಲ ಅನ್ನುವ ಹಾಗೆ ಮುಂದೆ ಹೋಗಿರುತ್ತಾನೆ. ಇಂಥ ಒಂದು ಮಿಠಾಯಿ ಹುಡುಕಿದರೆ ಆ ದಿನದ ಓದು ಸಾರ್ಥಕ.

ನಂತರ ಅಂಚಿನಲ್ಲಿ, ಪ್ರತಿ ಪ್ಯಾರಾದ ಪಕ್ಕ, ಆ ಪ್ಯಾರಾ ಮಾಡಿದ ಕೆಲಸವನ್ನು ನಾಲ್ಕು ಪದದಲ್ಲಿ ಬರೆಯಿರಿ. ‘ಮನೆ ತೋರಿಸಿತು.’ ‘ಜಗಳದ ಸುಳಿವು.’ ‘ಹಿಂದಿನ ಕತೆ, ಸಣ್ಣದು.’ ನನಗೆ ಇದರಿಂದ ಮೊದಲು ಗೊತ್ತಾದದ್ದು ಒಂದು ಸಂಗತಿ: ಒಳ್ಳೆಯ ಕತೆಗಳಲ್ಲಿ ಒಂದು ಪ್ಯಾರಾ ಎರಡು ಮೂರು ಕೆಲಸ ಒಟ್ಟಿಗೆ ಮಾಡುತ್ತದೆ. ನನ್ನ ಕತೆಗಳಲ್ಲಿ ಮೂರು ಪ್ಯಾರಾ ಸೇರಿ ಒಂದು ಕೆಲಸ ಮಾಡುತ್ತಿದ್ದವು.

ಹಾಗಾದರೆ ಏನು ಓದಬೇಕು? ಪಟ್ಟಿ ಕೊಡಲು ನನಗೆ ಇಷ್ಟವಿಲ್ಲ. ಆದರೆ ಒಂದಕ್ಕೊಂದು ತೀರಾ ಬೇರೆಯಾಗಿರುವುದನ್ನು ಒಟ್ಟಿಗೆ ಓದಿ. ಮಾಸ್ತಿ 1910ರ ಹೊತ್ತಿಗೇ ಸಣ್ಣಕತೆ ಬರೆಯಲು ಶುರು ಮಾಡಿದವರು. ಅವರ ಕತೆ ಹೇಳುವವನು ಜಗಲಿಯ ಮೇಲೆ ನಿಮ್ಮ ಪಕ್ಕ ಕೂತು ಮಾತಾಡುತ್ತಾನೆ, ನಡುವೆ ವಿಷಯ ಬಿಟ್ಟು ಎಲ್ಲೋ ಹೋಗಿ ಬರುತ್ತಾನೆ. ಅದರ ಪಕ್ಕದಲ್ಲಿ ದೇವನೂರ ಮಹಾದೇವ ಅವರ 1984ರ ‘ಕುಸುಮಬಾಲೆ’ ಇಟ್ಟು ನೋಡಿ. ಅಲ್ಲಿ ಸಂಭಾಷಣೆ ಮಾತ್ರವಲ್ಲ, ನಿರೂಪಣೆಯೇ ನಂಜನಗೂಡು ಕಡೆಯ ಆಡುಮಾತಿನಲ್ಲಿದೆ. ಕತೆ ಹೇಳಲು ಕನ್ನಡದಲ್ಲಿ ಎಷ್ಟು ದಾರಿಗಳಿವೆ ಎಂದು ತಿಳಿಯಲು ಈ ಎರಡು ತುದಿ ಸಾಕು. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದದ್ದು ಹನ್ನೆರಡು ಸಣ್ಣಕತೆಗಳ ಅನುವಾದ ಸಂಕಲನಕ್ಕೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟ ಬರವಣಿಗೆಯಿಂದ ಆರಿಸಿದ ಕತೆಗಳು ಅವು. ‘ಸಣ್ಣಕತೆ ಯಾರು ಓದ್ತಾರೆ, ಕಾದಂಬರಿ ಬರಿ’ ಅನ್ನುವ ನೆಂಟರಿಗೆ ಹೇಳಲು ಒಂದು ಉತ್ತರ ಸಿಕ್ಕಿತು ಅಲ್ವಾ!

ಸುಮಾರಾದ ಕತೆಗಳನ್ನೂ ಓದಿ. ತಮಾಷೆಗೆ ಹೇಳುತ್ತಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಹಳೆಯ ದೀಪಾವಳಿ ವಿಶೇಷಾಂಕಗಳು ಸಿಕ್ಕಿದರೆ ನಾನು ಬಿಡುವುದಿಲ್ಲ. ನಿಮ್ಮೂರಿನ ಲೈಬ್ರರಿಯ ಮೂಲೆಯಲ್ಲೂ ಒಂದು ಕಟ್ಟು ಇರುತ್ತದೆ. ದೊಡ್ಡ ಕತೆಗಾರರನ್ನು ಓದಿದರೆ ಬೆರಗಾಗುತ್ತದೆ. ಬೆರಗಾದಾಗ ಹೊಲಿಗೆ ಕಾಣುವುದಿಲ್ಲ. ಸುಮಾರಾದ ಕತೆಯಲ್ಲಿ ಹೊಲಿಗೆ ಎಲ್ಲಿ ಬಿಟ್ಟಿದೆ ಎನ್ನುವುದು ಥಟ್ಟನೆ ಕಾಣುತ್ತದೆ. ನಾಳೆ ನಿಮ್ಮದೇ ಕತೆಯಲ್ಲಿ ಅದನ್ನು ಗುರುತಿಸಲು ಕಣ್ಣು ಪಳಗಿರುತ್ತದೆ.

ಹೆಜ್ಜೆ 2: ಒಂದು ಪುಟ ಕೈಬರಹದಲ್ಲಿ ನಕಲು ಮಾಡಿ

ಶಾಲೆಯ ಕಾಪಿ ಬರಹ ನೆನಪಿದೆಯಲ್ಲ, ಹಾಗೆಯೇ. ಇಷ್ಟವಾದ ಕತೆಯ ಒಂದು ಪುಟವನ್ನು ನೋಟ್‌ಬುಕ್ಕಿಗೆ ಇಳಿಸಿ. ಕೈ ನಿಧಾನ. ಕಣ್ಣು ಹಾರಿಸಿಬಿಟ್ಟಿದ್ದ ಪದಗಳ ಹತ್ತಿರ ಅದು ನಿಲ್ಲುತ್ತದೆ.

ಮಾರನೇ ದಿನ ಪುಸ್ತಕ ಮುಚ್ಚಿಟ್ಟು ಅದೇ ಪುಟವನ್ನು ನೆನಪಿನಿಂದ ಬರೆಯಿರಿ. ಆಮೇಲೆ ಎರಡನ್ನೂ ಅಕ್ಕಪಕ್ಕ ಇಡಿ. ಎಲ್ಲೆಲ್ಲಿ ವ್ಯತ್ಯಾಸ ಇದೆಯೋ ಅಲ್ಲಲ್ಲಿ ನಿಮ್ಮ ಚಾಳಿ ಇದೆ. ನಾನು ಮಾಡಿದಾಗ ಮೂಲದಲ್ಲಿ ಇಲ್ಲದ ಐದು ‘ತುಂಬಾ’ ನನ್ನ ಪುಟದಲ್ಲಿದ್ದವು. ಮೂಲದಲ್ಲಿ ಸುಮ್ಮನೆ ನಿಂತ ವಾಕ್ಯಗಳಿಗೆಲ್ಲ ನಾನು ‘ಇತ್ತು’ ಅಂಟಿಸಿದ್ದೆ. ಒಬ್ಬ ಗುರು ಪಕ್ಕದಲ್ಲಿ ಕೂತು ತಿದ್ದಿದ್ದರೂ ಇಷ್ಟು ನೇರವಾಗಿ ಗೊತ್ತಾಗುತ್ತಿರಲಿಲ್ಲ.

ಈ ಪುಟ ಅಭ್ಯಾಸಕ್ಕೆ ಮಾತ್ರ. ಅಭ್ಯಾಸ ಮುಗಿದ ಮೇಲೆ ಅದನ್ನು ಯಾರಿಗೂ ತೋರಿಸಬೇಡಿ, ನಿಮ್ಮ ಕತೆಗೆ ಸೇರಿಸುವ ಮಾತಂತೂ ಇಲ್ಲ.

ಹೆಜ್ಜೆ 3: ಮೊದಲ ಕರಡನ್ನು ಬೇಗ ಮುಗಿಸಿ

ಇದರ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಕೆಟ್ಟದಾಗಿಯೇ ಬರೆಯಿರಿ, ಆದರೆ ಕೊನೆಯವರೆಗೂ ಬರೆಯಿರಿ. ಮೊದಲ ಪ್ಯಾರಾವನ್ನೇ ಇಪ್ಪತ್ತು ಸಲ ತಿದ್ದುತ್ತಾ ಕೂತವರ ಕತೆ ಮುಗಿದದ್ದನ್ನು ನಾನು ನೋಡಿಲ್ಲ. ಹೆಸರು ಹೊಳೆಯದಿದ್ದರೆ ‘ಅವನು’ ಅಂತಲೇ ಬರೆದು ಮುಂದೆ ಹೋಗಿ. ಮುಗಿದ ದಿನದ ತಾರೀಕು ಹಾಕಿ ಫೈಲ್ ಮುಚ್ಚಿ.

ಹೆಜ್ಜೆ 4: ಕರಡನ್ನು ಅಪರಿಚಿತ ಮಾಡಿ

ಕನಿಷ್ಠ ಎರಡು ವಾರ ಅದನ್ನು ತೆರೆಯಬೇಡಿ. ಈ ಹೊತ್ತಿನಲ್ಲಿ ಬೇರೆಯವರ ಕತೆ ಓದಿ, ಹೆಜ್ಜೆ 1 ಮಾಡಿ. ಎರಡು ವಾರದ ನಂತರ ಓದುವಾಗ ಅದರ ರೂಪ ಬದಲಿಸಿ. ಫೋನಿನಲ್ಲಿ ಬರೆದಿದ್ದರೆ ಪ್ರಿಂಟ್ ತೆಗೆಯಿರಿ. ಪ್ರಿಂಟ್ ಸಿಗದಿದ್ದರೆ ಅಕ್ಷರದ ವಿನ್ಯಾಸ ಬದಲಿಸಿ, ಅಕ್ಷರ ದೊಡ್ಡದು ಮಾಡಿ. ಸಾಲು ಮುರಿಯುವ ಜಾಗ ಬದಲಾದರೂ ಕಣ್ಣು ಹೊಸದಾಗಿ ಓದುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ಜೋರಾಗಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡುವುದು. ಮರುದಿನ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಕೇಳಿ. ನಿಮ್ಮದೇ ಧ್ವನಿ ಎಲ್ಲಿ ಅವಸರ ಮಾಡುತ್ತದೆಯೋ ಅಲ್ಲಿ ಬರವಣಿಗೆ ಸೊರಗಿದೆ ಎಂದರ್ಥ. ನಾಚಿಕೆಯಾಗಿ ಧ್ವನಿ ತಗ್ಗಿಸಿದ ಜಾಗದಲ್ಲಿ ಸುಳ್ಳು ಇದೆ. ನನ್ನ ಕರಡುಗಳಲ್ಲಿ ಪ್ರೀತಿಯ ಮಾತು ಬಂದಾಗೆಲ್ಲ ಧ್ವನಿ ಇಳಿಯುತ್ತಿತ್ತು. ಯಾಕೆಂದರೆ ಆ ಮಾತುಗಳನ್ನು ಯಾರೂ ಯಾರಿಗೂ ಹಾಗೆ ಹೇಳುವುದಿಲ್ಲ.

ಹೆಜ್ಜೆ 5: ದೊಡ್ಡದನ್ನು ಮೊದಲು ತಿದ್ದಿ

ಹೊಸಬರು ತಿದ್ದಲು ಕೂತ ಕೂಡಲೇ ಕಾಗುಣಿತಕ್ಕೆ ಕೈ ಹಾಕುತ್ತಾರೆ. ಗೋಡೆಯೇ ಓರೆಯಾಗಿರುವಾಗ ಸುಣ್ಣ ಬಳಿದ ಹಾಗೆ. ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ. ಇದು ಯಾರ ಕತೆ? ಯಾರು ಹೇಳುತ್ತಿದ್ದಾರೆ? ಎಲ್ಲಿಂದ ಶುರುವಾಗಬೇಕು? ನನ್ನದೇ ಒಂದು ಕರಡಿನ ತುಂಡನ್ನು ಇಲ್ಲಿ ಇಡುತ್ತೇನೆ. ನಗಬೇಡಿ.

‘ಅದು ಒಂದು ಮಳೆಗಾಲದ ಸಂಜೆಯಾಗಿತ್ತು. ಶಾರದಮ್ಮ ತುಂಬಾ ದುಃಖದಲ್ಲಿದ್ದಳು. ಅವಳ ಕಣ್ಣುಗಳಿಂದ ಕಣ್ಣೀರು ಹರಿಯುತ್ತಿತ್ತು. ಅವಳು ತನ್ನ ಹಳೆಯ ಹೊಲಿಗೆ ಮಷೀನನ್ನು ಮಾರಲು ನಿರ್ಧರಿಸಿದ್ದಳು. ಅದು ಮದುವೆಯ ನಂತರ ಅವಳ ಗಂಡನಿಂದ ಕೊಡಲ್ಪಟ್ಟಿತ್ತು. ಆ ಮಷೀನಿನೊಂದಿಗೆ ಅವಳ ಅನೇಕ ನೆನಪುಗಳು ಬೆಸೆದುಕೊಂಡಿದ್ದವು. ಗುಜರಿಯವನು ಬಂದಿದ್ದನು. ಅವನು ಎಂಟುನೂರು ರೂಪಾಯಿ ಕೊಡುವುದಾಗಿ ಹೇಳಿದನು. ಅವಳು ಮೌನವಾಗಿ ಒಪ್ಪಿಕೊಂಡಳು.’

ಇಲ್ಲಿ ಏನು ತಪ್ಪು? ವ್ಯಾಕರಣ ಸರಿ ಇದೆ. ವಿಷಯವೂ ಕೆಟ್ಟದ್ದಲ್ಲ. ಆದರೆ ಶಾರದಮ್ಮನ ದುಃಖವನ್ನು ನಾನೇ ಎರಡನೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದೇನೆ. ಓದುವವರಿಗೆ ಮಾಡಲು ಕೆಲಸವೇ ಉಳಿದಿಲ್ಲ. ‘ಅನೇಕ ನೆನಪುಗಳು’ ಅಂದಿದ್ದೇನೆ, ಒಂದನ್ನೂ ತೋರಿಸಿಲ್ಲ. ಮಳೆ ಯಾಕೆ ಬಂತು? ದುಃಖ ಬಂದರೆ ಮಳೆ ಬರಬೇಕು ಎಂದು ಸಿನಿಮಾ ನೋಡಿ ಕಲಿತದ್ದು.

ಎರಡನೇ ಕರಡಿನಲ್ಲಿ ನಾನು ಬುದ್ಧಿವಂತನಾದೆ. ಮಳೆ ತೆಗೆದೆ, ಕಣ್ಣೀರು ತೆಗೆದೆ. ಅವುಗಳ ಬದಲು ಮಷೀನನ್ನು ವರ್ಣಿಸುತ್ತಾ ಅರ್ಧ ಪುಟ ಬರೆದೆ. ಕಪ್ಪು ಮೈ, ಬಂಗಾರದ ಬಣ್ಣದ ಬಳ್ಳಿ, ಸವೆದ ಪೆಡಲು. ಚೆನ್ನಾಗಿತ್ತು. ಆದರೆ ಶಾರದಮ್ಮ ಕಾಣೆಯಾಗಿದ್ದಳು. ಗುಜರಿ ಅಂಗಡಿಯ ಜಾಹೀರಾತಿನ ಹಾಗೆ ಓದಿಸಿಕೊಳ್ಳುತ್ತಿತ್ತು.

ಮೂರನೇ ಕರಡಿನ ಹೊತ್ತಿಗೆ ಒಂದು ಸಣ್ಣ ಸಂಗತಿ ಆಯಿತು. ಶಾರದಮ್ಮ ‘ಬಂದಳು’ ಎಂದು ಓದುವಾಗ ನಾಲಿಗೆ ತಡೆಯಿತು. ಎಪ್ಪತ್ತರ ಹೆಂಗಸನ್ನು ನಾನು ಯಾವತ್ತು ‘ಬಂದಳು’ ಅಂದಿದ್ದೇನೆ? ‘ಬಂದರು’ ಎಂದು ತಿದ್ದಿದೆ. ತಿದ್ದಿದ ಕ್ಷಣ ಇನ್ನೊಬ್ಬರು ಕತೆಯೊಳಗೆ ಬಂದು ನಿಂತರು. ಶಾರದಮ್ಮನಿಗೆ ಮರ್ಯಾದೆ ಕೊಡುವವರು, ಅವರಿಗಿಂತ ಚಿಕ್ಕವರು. ಪಕ್ಕದ ಮನೆಯ ಹುಡುಗ! ಅವನ ಕಣ್ಣಿಗೆ ಅವರ ಮನಸ್ಸು ಕಾಣುವುದಿಲ್ಲ, ಕೈ ಮಾತ್ರ ಕಾಣುತ್ತದೆ. ಹಾಗಾಗಿ ದುಃಖ, ನೆನಪು ಇಂಥ ಪದಗಳೆಲ್ಲ ತಾವಾಗಿಯೇ ಉದುರಿದವು.

‘ಗುಜರಿಯವನು ಮಷೀನನ್ನು ಎರಡು ಸಲ ಎತ್ತಿ ನೋಡಿದ.
“ಎಂಟುನೂರು, ಅಮ್ಮ. ಕಬ್ಬಿಣದ ತೂಕಕ್ಕೆ.”
“ಇನ್ನೂ ಹೊಲಿಯುತ್ತೆ ಕಣಪ್ಪ.”
“ಹೊಲಿಯೋರು ಯಾರಿದಾರೆ, ಹೇಳಿ.”
ಶಾರದಮ್ಮ ಒಳಗೆ ಹೋಗಿ ಎಣ್ಣೆ ಡಬ್ಬಿ ತಂದರು. ಚಕ್ರಕ್ಕೆ ಎರಡು ಹನಿ. ಸೂಜಿ ಕಂಬಕ್ಕೆ ಒಂದು. ಸೆರಗಿನಿಂದ ಒರೆಸಿದರು.
“ಕೊಡು” ಅಂದರು, ಕೈ ಚಾಚದೆ.’

ಗುಜರಿಗೆ ಹೋಗುವ ಮಷೀನಿಗೆ ಯಾರಾದರೂ ಎಣ್ಣೆ ಹಾಕುತ್ತಾರೆಯೇ? ಹಾಕುತ್ತಾರೆ. ನನ್ನ ಮಟ್ಟಿಗೆ ಇಡೀ ಕತೆ ಆ ಮೂರು ಹನಿಯಲ್ಲಿದೆ. ಮೊದಲ ಕರಡಿನಲ್ಲಿ ಈ ಎಣ್ಣೆ ಡಬ್ಬಿಯೇ ಇರಲಿಲ್ಲ ಎನ್ನುವುದನ್ನು ಗಮನಿಸಿ. ತಿದ್ದುವುದೆಂದರೆ ಇದ್ದದ್ದನ್ನು ಉಜ್ಜಿ ಹೊಳಪು ಮಾಡುವುದು ಎಂದು ನಾನು ಬಹಳ ದಿನ ತಿಳಿದಿದ್ದೆ. ನನ್ನ ಕತೆಗಳಲ್ಲಿ ಚೆನ್ನಾಗಿರುವ ಸಂಗತಿಗಳೆಲ್ಲ ಮೂರನೇ ಕರಡಿನ ನಂತರ ಬಂದಂಥವು.

ಹೆಜ್ಜೆ 6: ಈಗ ವಾಕ್ಯಗಳಿಗೆ ಬನ್ನಿ

ಕತೆ ಬರೆಯುವುದು ಹೇಗೆ ಎಂದು ಹೇಳುವ ಇಂಗ್ಲಿಷ್ ಪುಸ್ತಕಗಳು ಬೇಕಾದಷ್ಟಿವೆ. ಆದರೆ ಅವು ಕನ್ನಡದ ವಾಕ್ಯದ ಕಷ್ಟ ಸುಖ ಹೇಳುವುದಿಲ್ಲ. ನಮಗೆ ನಮ್ಮದೇ ಕೆಲವು ತೊಂದರೆಗಳಿವೆ. ನಮ್ಮದೇ ಕೆಲವು ಸವಲತ್ತುಗಳೂ ಇವೆ.

ಮೊದಲ ತೊಂದರೆ ‘ಳು ಳು ಳು’. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹಾಗಾಗಿ ‘ಸುಜಾತಾ ಬಾಗಿಲು ತೆರೆದಳು. ಒಳಗೆ ಬಂದಳು. ಚೀಲ ಇಟ್ಟಳು. ನೀರು ಕುಡಿದಳು. ಕಿಟಕಿಯ ಹತ್ತಿರ ನಿಂತಳು’ ಎಂದು ಬರೆದರೆ ತಾಳ ಹಾಕಬಹುದು. ಇದನ್ನೇ ಹೀಗೆ ಮಾಡಿ ನೋಡಿ: ‘ಸುಜಾತಾ ಒಳಗೆ ಬಂದವಳೇ, ಚೀಲವನ್ನೂ ಇಳಿಸದೆ, ಸೀದಾ ಕಿಟಕಿಗೆ ಹೋದಳು. ಎದುರು ಮನೆಯ ದೀಪ ಆರಿತ್ತು. ನೀರು ಕುಡಿಯಬೇಕು ಅಂತ ನೆನಪಾದದ್ದು ಆಮೇಲೆ.’ ಬಂದು, ಇಳಿಸದೆ, ಬಂದವಳೇ ಎಂದು ಕ್ರಿಯೆಗಳನ್ನು ಪೋಣಿಸಿಕೊಂಡು ಹೋಗುವುದು ಕನ್ನಡಕ್ಕೆ ಸಹಜ. ಅದನ್ನು ಬಳಸಿಕೊಳ್ಳಿ. ಆದರೆ ಒಂದೇ ವಾಕ್ಯದಲ್ಲಿ ಆರು ಕ್ರಿಯೆ ಪೋಣಿಸಿದರೆ ಓದುವವರಿಗೆ ಏದುಸಿರು ಬರುತ್ತದೆ.

‘ಇತ್ತು’ ಎಲ್ಲ ಕಡೆ ಬೇಡ. ‘ಹೊರಗೆ ಮಳೆ ಬರುತ್ತಿತ್ತು. ಒಳಗೆ ಕರೆಂಟ್ ಇರಲಿಲ್ಲ’ ಅನ್ನುವುದಕ್ಕಿಂತ ‘ಹೊರಗೆ ಮಳೆ. ಒಳಗೆ ಕರೆಂಟಿಲ್ಲ’ ಸಾಕು. ಕ್ರಿಯಾಪದವಿಲ್ಲದ ವಾಕ್ಯ ನಮ್ಮಲ್ಲಿ ಸಲೀಸಾಗಿ ನಿಲ್ಲುತ್ತದೆ.

‘ಹೋಗಿದ್ದನು, ಬಂದಿದ್ದನು, ನೋಡಿದ್ದನು’ ಇನ್ನೊಂದು ರೋಗ. ಹಿಂದಿನ ಘಟನೆಗೆ ಹೋಗುವಾಗ ಒಂದೆರಡು ಸಲ ‘ಹೋಗಿದ್ದ’ ಅಂದರೆ ಸಾಕು, ಬಾಗಿಲು ತೆರೆಯಿತು. ಆಮೇಲೆ ಸಾದಾ ‘ಹೋದ, ಬಂದ’ದಲ್ಲೇ ನಡೆಯಿರಿ. ಓದುಗರು ದಾರಿ ತಪ್ಪುವುದಿಲ್ಲ.

ಇನ್ನು ಸವಲತ್ತಿನ ಮಾತು. ‘ಹೇಳು’ ಎಂಬ ಒಂದೇ ಪದ ತೆಗೆದುಕೊಳ್ಳಿ. ‘ಹೇಳಿದ’ ಅಂದರೆ ಸುದ್ದಿ ಮಾತ್ರ. ‘ಹೇಳಿಬಿಟ್ಟ’ ಅಂದರೆ ಹೇಳಬಾರದಿತ್ತು, ಬಾಯಿ ತಡೆಯಲಿಲ್ಲ. ‘ಹೇಳಿಕೊಂಡ’ ಅಂದರೆ ಅದು ಅವನದೇ ಕಷ್ಟ, ಹೇಳಿ ಮನಸ್ಸು ಹಗುರ ಮಾಡಿಕೊಂಡ. ‘ಹೇಳಿ ನೋಡಿದ’ ಅಂದರೆ ಎದುರಿನವರು ಕೇಳಲಿಲ್ಲ. ‘ಹೇಳಿಟ್ಟ’ ಅಂದರೆ ಮುಂದೆ ಏನೋ ಆಗಲಿದೆ ಎಂದು ಅವನಿಗೆ ಗೊತ್ತು. ‘ಹೇಳಿದನಂತೆ’ ಅಂದರೆ ಕತೆ ಹೇಳುವವನು ಅಲ್ಲಿರಲಿಲ್ಲ, ಅವನ ಮಾತು ನಂಬಬೇಕೋ ಬೇಡವೋ ನಿಮಗೆ ಬಿಟ್ಟದ್ದು. ‘ಪಶ್ಚಾತ್ತಾಪದಿಂದ’, ‘ಅಸಹಾಯಕನಾಗಿ’ ಎಂದೆಲ್ಲ ಬರೆಯುವ ಮೊದಲು ಈ ಬಾಲಗಳನ್ನು ಜೋಡಿಸಿ ನೋಡಿ. ಎರಡಕ್ಷರದಲ್ಲಿ ಕೆಲಸ ಮುಗಿಯುತ್ತದೆ. ನನ್ನ ಕರಡುಗಳನ್ನು ತಿದ್ದುವಾಗ ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಈ ಬಾಲಗಳ ಹತ್ತಿರವೇ.

‘ನೀನು’ ಮತ್ತು ‘ನೀವು’ ಕೂಡ ಹಾಗೆಯೇ. ಹತ್ತು ವರ್ಷ ‘ನೀನು’ ಅಂದವಳು ಒಂದು ದಿನ ‘ನೀವು ಊಟ ಮಾಡಿ’ ಅಂದರೆ ಜಗಳವನ್ನು ಬೇರೆ ಬರೆಯಬೇಕಾಗಿಲ್ಲ. ಇಂಗ್ಲಿಷ್‌ನವರಿಗೆ ಈ ಭಾಗ್ಯ ಇಲ್ಲ.

ಆಡುಮಾತು ಬರೆಯುವಾಗ ನೀವು ಕಿವಿಯಾರೆ ಕೇಳಿದ್ದನ್ನು ಮಾತ್ರ ಬರೆಯಿರಿ. ಧಾರವಾಡದ ಮಾತಿಗೆ ‘ರೀ’ ಸೇರಿಸಿದರೆ ಸಾಕು, ಮಂಗಳೂರಿನವರ ಬಾಯಿಗೆ ‘ಮಾರಾಯ್ರೆ’ ಹಾಕಿದರೆ ಆಯಿತು ಅಂದುಕೊಂಡರೆ ಆ ಊರಿನವರು ಮೊದಲ ಸಾಲಿನಲ್ಲೇ ಪುಸ್ತಕ ಮುಚ್ಚುತ್ತಾರೆ. ಒಂದೇ ಪಾತ್ರ ಮೊದಲ ಪುಟದಲ್ಲಿ ‘ಐತೆ’ ಅಂದು ಮೂರನೇ ಪುಟದಲ್ಲಿ ‘ಇದೆ’ ಅನ್ನುತ್ತಿದೆಯೇ? ಅದನ್ನೂ ನೋಡಿ. ಎದುರಿಗೆ ಇರುವವರನ್ನು ನೋಡಿ ಮಾತು ಬದಲಿಸುವವರೂ ಇದ್ದಾರೆ, ಅದು ಬೇರೆ. ಹಾಗಿದ್ದರೆ ಅದು ಬೇಕೆಂದೇ ಮಾಡಿದ್ದು ಎಂದು ಓದುವವರಿಗೆ ಗೊತ್ತಾಗಬೇಕು.

ಕೊನೆಗೆ ಒಂದು ಯಂತ್ರದ ಕೆಲಸ. ಫೈಲ್‌ನಲ್ಲಿ ಹುಡುಕುವ ಸೌಲಭ್ಯ ಇದೆಯಲ್ಲ, ಅದರಲ್ಲಿ ‘ತುಂಬಾ’, ‘ಒಂದು’, ‘ಲ್ಪಟ್ಟ’, ‘ಇದ್ದಕ್ಕಿದ್ದಂತೆ’, ‘ಮೌನ’ ಇವನ್ನು ಒಂದೊಂದಾಗಿ ಹುಡುಕಿ. ನನಗೆ ಒಂದು ಕತೆಯಲ್ಲಿ ಹದಿನಾಲ್ಕು ‘ಮೌನ’ ಸಿಕ್ಕಿದ್ದವು. ಅಷ್ಟು ಮೌನ ಇದ್ದರೆ ಕತೆ ಗಲಾಟೆ ಮಾಡುತ್ತದೆ. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಹುಡುಕಾಟ ನಡೆಯುವುದಿಲ್ಲ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾರೆ ನೋಡಿ. ಅಲ್ಲಿಯೇ ಎಡವಟ್ಟಾಗುವುದು.

ಹೆಜ್ಜೆ 7: ಕತ್ತರಿಸಿ, ಆದರೆ ಎಸೆಯಬೇಡಿ

ಮೊದಲ ಪುಟವನ್ನು ಪೂರ್ತಿ ತೆಗೆದು ಕತೆ ಓದಿ ನೋಡಿ. ನನ್ನ ಕತೆಗಳಲ್ಲಿ ಅರ್ಧಕ್ಕರ್ಧ ಸಲ ಎರಡನೇ ಪುಟದಿಂದಲೇ ಕತೆ ಶುರುವಾಗುತ್ತದೆ. ಮೊದಲ ಪುಟ ನಾನು ಗಂಟಲು ಸರಿ ಮಾಡಿಕೊಂಡದ್ದು, ಅಷ್ಟೆ. ತೆಗೆದದ್ದನ್ನು ‘ಕತ್ತರಿಸಿದ್ದು’ ಎಂಬ ಬೇರೆ ಫೈಲ್‌ನಲ್ಲಿ ಇಡಿ. ಎಲ್ಲೂ ಹೋಗಿಲ್ಲ ಎಂದು ಗೊತ್ತಿದ್ದರೆ ಕತ್ತರಿ ಆಡಿಸಲು ಕೈ ನಡುಗುವುದಿಲ್ಲ.

ಹಾಗೆಂದು ಕತ್ತರಿಸುವುದೇ ದೊಡ್ಡತನ ಅಲ್ಲ. ಅಮೆರಿಕದ ಕತೆಗಾರ ರೇಮಂಡ್ ಕಾರ್ವರ್ ಅವರ 1981ರ ಸಂಕಲನವನ್ನು ಜನ ಹೊಗಳಿದ್ದು ಅದರ ಬಿಗಿಗಾಗಿ, ಕಡಿಮೆ ಮಾತಿಗಾಗಿ. ಆ ಬಿಗಿಯ ಬಹುಪಾಲು ಸಂಪಾದಕ ಗಾರ್ಡನ್ ಲಿಶ್ ಅವರ ಕತ್ತರಿಯದು. ಕಾರ್ವರ್ ಇದರಿಂದ ಎಷ್ಟು ನೊಂದಿದ್ದರೆಂದರೆ ಪುಸ್ತಕವನ್ನು ನಿಲ್ಲಿಸಿ ಎಂದು ಪತ್ರ ಬರೆದು ಬೇಡಿಕೊಂಡಿದ್ದರು. ಕತ್ತರಿ ಬೀಳುವ ಮೊದಲಿನ ಕತೆಗಳು ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ, 2009ರಲ್ಲಿ, ಬೇರೆ ಪುಸ್ತಕವಾಗಿ ಬಂದವು. ಇವತ್ತಿಗೂ ಯಾವುದು ಉತ್ತಮ ಎಂಬ ವಾದ ಮುಗಿದಿಲ್ಲ. ನನಗೆ ಕೆಲವು ಕಡೆ ಲಿಶ್ ಸರಿ ಅನ್ನಿಸುತ್ತಾರೆ, ಕೆಲವು ಕಡೆ ಮಾಂಸದ ಜೊತೆ ಮೂಳೆಯನ್ನೂ ಕಡಿದಿದ್ದಾರೆ ಅನ್ನಿಸುತ್ತದೆ. ಎರಡೂ ರೂಪಗಳನ್ನು ಪಕ್ಕಪಕ್ಕ ಓದಲು ಸಾಧ್ಯವಿದ್ದರೆ ಓದಿ. ಒಂದೇ ಕತೆಯ ಎರಡು ಕರಡು ಕಣ್ಣೆದುರು ಸಿಗುವುದು ಅಪರೂಪ.

ನಮ್ಮ ಕತೆ ಹೇಳುವ ರೀತಿಗೆ ಸ್ವಲ್ಪ ಹರಟೆ ಬೇಕು. ಅಜ್ಜಿ ಕತೆ ಹೇಳುವಾಗ ನಡುವೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳಲ್ಲ, ಆ ಬಿಡುವೂ ಕತೆಯ ಭಾಗವೇ ಆಗಿತ್ತು.

ಹೆಜ್ಜೆ 8: ಕೊನೆಯ ಸಾಲಿಗೆ ಐದು ರೂಪ

ಅಮೆರಿಕದ ಲೇಖಕ ಹೆಮಿಂಗ್ವೇ ತನ್ನ 1929ರ ಒಂದು ಕಾದಂಬರಿಯ ಕೊನೆಯ ಪುಟವನ್ನು 39 ಸಲ ಬರೆದೆ ಎಂದು ಸಂದರ್ಶನದಲ್ಲಿ ಹೇಳಿದ್ದ. 2012ರಲ್ಲಿ ಆ ಕಾದಂಬರಿಯ ಹೊಸ ಮುದ್ರಣ ಬಂದಾಗ ಹಿಂದೆ 47 ಬೇರೆ ಬೇರೆ ಮುಕ್ತಾಯಗಳನ್ನು ಸೇರಿಸಿದ್ದರು. ಅವನು ಕಡಿಮೆ ಹೇಳಿದ್ದ! ನಮಗೆ ಅಷ್ಟು ಪುರುಸೊತ್ತಿಲ್ಲ, ಐದು ಸಾಕು. ಒಂದರಲ್ಲಿ ಕತೆಯನ್ನು ಒಂದು ಪ್ಯಾರಾ ಮೊದಲೇ ನಿಲ್ಲಿಸಿ. ಒಂದರಲ್ಲಿ ಮಾತಿನಿಂದ ಮುಗಿಸಿ. ಒಂದರಲ್ಲಿ ವಸ್ತುವಿನಿಂದ. ಉಳಿದೆರಡು ನಿಮಗೆ ಬಿಟ್ಟದ್ದು. ಯಾರಾದರೂ ಆಕಾಶ ನೋಡುತ್ತಾ ನಿಂತರೆ ಅದನ್ನು ಹೊಡೆದುಹಾಕಿ.

ಹೆಜ್ಜೆ 9: ಓದಲು ಕೊಡಿ

‘ಹೇಗಿದೆ?’ ಎಂದು ಕೇಳಬೇಡಿ. ‘ಚೆನ್ನಾಗಿದೆ’ ಅಂತಾರೆ, ಅಲ್ಲಿಗೆ ಮುಗಿಯಿತು. ಮೂರು ಪ್ರಶ್ನೆ ಕೇಳಿ. ಎಲ್ಲಿ ಬೇಜಾರಾಯಿತು? ಎಲ್ಲಿ ಅರ್ಥವಾಗಲಿಲ್ಲ? ಈಗ ಕತೆಯನ್ನು ನನಗೇ ಹೇಳು, ನೋಡೋಣ. ಮೂರನೆಯದೇ ಮುಖ್ಯ. ಅವರು ಹೇಳುವಾಗ ಯಾವುದನ್ನು ಬಿಡುತ್ತಾರೆ, ಯಾವುದನ್ನು ತಾವೇ ಸೇರಿಸುತ್ತಾರೆ ಎಂದು ಬಾಯಿ ಮುಚ್ಚಿಕೊಂಡು ಕೇಳಿ. ‘ಅದು ಹಾಗಲ್ಲ, ನಾನು ಹೇಳಬೇಕೆಂದಿದ್ದು ಏನೆಂದರೆ’ ಎಂದು ಶುರು ಮಾಡಿದರೆ ನಿಮ್ಮ ಕೆಲಸ ಕೆಟ್ಟಿತು. ಓದುಗರ ಮನೆಗೆಲ್ಲ ಹೋಗಿ ವಿವರಿಸಲು ಆಗುತ್ತದೆಯೇ?

ತಪ್ಪು ಎಲ್ಲಿದೆ ಎಂದು ಅವರು ಹೇಳಿದರೆ ನಂಬಿ. ಅದನ್ನು ಹೇಗೆ ಸರಿ ಮಾಡಬೇಕೆಂದು ಹೇಳಿದರೆ ಅಷ್ಟಾಗಿ ನಂಬಬೇಡಿ. ಇಬ್ಬರು ಒಂದೇ ಜಾಗಕ್ಕೆ ಬೆರಳಿಟ್ಟರೆ ವಾದ ಬೇಡ, ತಿದ್ದಿ.

ಸಾಹಿತ್ಯ ಓದುವ ಗೆಳೆಯರ ಜೊತೆಗೆ ಕತೆಯ ವಿಷಯ ಬಲ್ಲವರೊಬ್ಬರು ಓದಬೇಕು. ಅಡಿಕೆ ಸುಲಿಯುವ ಕತೆಯನ್ನು ಅಡಿಕೆ ಸುಲಿದವರು, ಆಸ್ಪತ್ರೆಯ ರಾತ್ರಿ ಪಾಳಿಯ ಕತೆಯನ್ನು ನರ್ಸ್ ಆಗಿ ದುಡಿದವರು. ಇದನ್ನು ನಾನು ತಡವಾಗಿ ಕಲಿತೆ.

ಹೆಜ್ಜೆ 10: ಕಾಗುಣಿತ, ಮತ್ತು ಕಳಿಸುವುದು

ಈಗ ಕಾಗುಣಿತ ನೋಡಿ. ‘ವಿದ್ಯಾರ್ಥಿ’ಯ ದಕ್ಕೆ ಬಾಲ ಇಲ್ಲ, ‘ದೀರ್ಘ’ದ ದಕ್ಕೂ ಇಲ್ಲ, ‘ಹಾರ್ದಿಕ’ಕ್ಕೂ ಇಲ್ಲ. ಸಂಶಯ ಬಂದರೆ ನಿಘಂಟು ತೆರೆಯಿರಿ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟ ಮನೆಯಲ್ಲಿ ಇರಬೇಕೆಂದೇನೂ ಇಲ್ಲ, ಸಂಕ್ಷಿಪ್ತ ನಿಘಂಟು ಸಾಕು. ಪತ್ರಿಕೆ ಅಥವಾ ಸ್ಪರ್ಧೆಯ ಪದಮಿತಿಯನ್ನು ಓದಿ, ಅದನ್ನು ಮೀರಬೇಡಿ. ಒಂದೇ ಕತೆಯನ್ನು ಒಂದೇ ಹೊತ್ತಿಗೆ ಎರಡು ಕಡೆ ಕಳಿಸಬೇಡಿ. ಯಾವಾಗ, ಎಲ್ಲಿಗೆ ಕಳಿಸಿದಿರಿ ಎಂದು ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ. ಕಳಿಸಿದ ದಿನವೇ ಇನ್ನೊಂದು ಕರಡು ತೆರೆಯಿರಿ. ಉತ್ತರ ಕಾಯುತ್ತಾ ಕೂರುವುದಕ್ಕಿಂತ ಅದು ಮೇಲು.

ಶಾರದಮ್ಮನ ಕತೆಯನ್ನು ನಾನು ಆರನೇ ಕರಡಿಗೆ ಮುಗಿಸಿದ್ದೆ. ಮುಗಿಯಿತು ಅಂದುಕೊಂಡಿದ್ದೆ. ಕಳಿಸುವ ಹಿಂದಿನ ಸಂಜೆ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಬಹಳ ವರ್ಷ ಹೊಲಿದವರು. ಬೀನ್ಸ್ ನಾರು ತೆಗೆಯುತ್ತಾ ಪೂರ್ತಿ ಕೇಳಿಸಿಕೊಂಡರು.

‘ಎಣ್ಣೆ ಹಾಕಿದ ಮೇಲೆ ಸೆರಗಿನಲ್ಲಿ ಒರೆಸಿ ಬಿಟ್ಟರೆ ಆಗಲ್ಲ ಕಣೋ’ ಅಂದರು. ‘ಒಳಗೆ ಉಳಿದಿರುತ್ತೆ. ಯಾವುದಾದರೂ ಹಳೇ ಬಟ್ಟೆ ಮೇಲೆ ನಾಲ್ಕು ಹೊಲಿಗೆ ಹಾಕಬೇಕು. ಇಲ್ದಿದ್ರೆ ಆಮೇಲೆ ಹೊಲಿಯೋ ಹೊಸಬಟ್ಟೆಗೆಲ್ಲ ಕಲೆ.’

ಆ ರಾತ್ರಿ ಕಳಿಸಲಿಲ್ಲ. ಏಳನೇ ಕರಡು ತೆರೆದು ಸೆರಗಿನ ವಾಕ್ಯ ಹೊಡೆದೆ. ಅದರ ಜಾಗದಲ್ಲಿ ಇದು ಬಂತು:

‘ಹಳೇ ಲಂಗದ ತುಂಡೊಂದನ್ನು ಸೂಜಿಯಡಿ ಇಟ್ಟು ನಾಲ್ಕು ಹೊಲಿಗೆ ಹಾಕಿದರು. ಗುಜರಿಯವನು ತಕ್ಕಡಿ ಕೆಳಗಿಟ್ಟು ಕಾದ. ತುಂಡಿನ ಮೇಲೆ ಎಣ್ಣೆ ಬರುವುದು ನಿಂತ ಮೇಲೆ ದಾರ ಕಡಿದು, “ಈಗ ತಗೊಂಡು ಹೋಗು” ಅಂದರು.’